ಸಿಲಾಜಿಸಂಗಾಗಿ ಕೊಂಡ ಆ್ಯಪ್, ಹತ್ತು ತಿಂಗಳ ನಂತರ: 5ಕ್ಕೆ 3 ಸ್ಟಾರ್

ಗ್ರಾಮೀಣ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದುವಾಗ ಈ ಆ್ಯಪ್‌ನ ರೀಸನಿಂಗ್ ಪ್ಯಾಕ್ ತೆಗೆದುಕೊಂಡೆ. ಅಲ್ಲಿ ಪ್ರಿಲಿಮ್ಸ್ ಅಂದರೆ 45 ನಿಮಿಷಕ್ಕೆ 80 ಪ್ರಶ್ನೆ, ಅದರಲ್ಲಿ 40 ರೀಸನಿಂಗ್. ಒಂದು ತಪ್ಪಿದರೆ ಕಾಲು ಅಂಕ ಹೋಗುತ್ತದೆ. ನಾನೋ ಸಿಲಾಜಿಸಂ (ಕೊಟ್ಟ ಹೇಳಿಕೆಗಳಿಂದ ಯಾವ ತೀರ್ಮಾನ ಖಚಿತವಾಗಿ ಬರುತ್ತದೆ ಅಂತ ಕೇಳುವ ಪ್ರಶ್ನೆ) ಬಂದರೆ ಸುಮ್ನೆ ಅಂದಾಜಿನಲ್ಲಿ ಒತ್ತುತ್ತಿದ್ದೆ.

ನನ್ನ ರೋಗ ಏನು ಅಂತ ಮೊದಲ ವಾರದಲ್ಲೇ ಗೊತ್ತಾಯಿತು. ಪ್ರಶ್ನೆ ಹೀಗಿತ್ತು: ಎಲ್ಲಾ ಮಾವು ಹಣ್ಣುಗಳು. ಕೆಲವು ಹಣ್ಣುಗಳು ಹುಳಿ. ಹಾಗಾದರೆ ಕೆಲವು ಮಾವು ಹುಳಿ? ಹೌದು ಅಂತ ಒತ್ತಿದೆ. ಹುಳಿ ಮಾವು ತಿನ್ನದವರು ಯಾರಿದ್ದಾರೆ? ತಪ್ಪು! ಆ್ಯಪ್ ಒಂದು ಚಿತ್ರ ತೋರಿಸಿತು. ಹಣ್ಣಿನ ದೊಡ್ಡ ವೃತ್ತ, ಅದರೊಳಗೆ ಒಂದು ಮೂಲೆಯಲ್ಲಿ ಮಾವು, ಇನ್ನೊಂದು ಮೂಲೆಯಲ್ಲಿ ಹುಳಿ. ಎರಡೂ ಮುಟ್ಟುವುದೇ ಇಲ್ಲ. ಕೊಟ್ಟ ಹೇಳಿಕೆಗಳಿಗೆ ಅದರಿಂದ ಏನೂ ಭಂಗವಿಲ್ಲ. ತೀರ್ಮಾನವನ್ನು ಮುರಿಯುವ ಇಂಥ ಒಂದೇ ಒಂದು ಚಿತ್ರ ಬಿಡಿಸಲು ಆದರೆ ಸಾಕು, ಆ ತೀರ್ಮಾನ ಬಿತ್ತು. ಪ್ರತಿ ತಪ್ಪಿಗೂ ಹೀಗೆ ಮುರಿಯುವ ಚಿತ್ರ ತೋರಿಸುವುದೇ ಈ ಆ್ಯಪ್‌ನ ಜೀವಾಳ. ಕೊಟ್ಟ ದುಡ್ಡು ಅಲ್ಲೇ ವಸೂಲಿ.

‘1 ಅಥವಾ 2’ ಅನ್ನುವ ಉತ್ತರ ತಲೆಗೆ ಹತ್ತಲು ಎರಡು ತಿಂಗಳು ಬೇಕಾಯಿತು. ಅದೇ ಮಾವಿಗೆ ಎರಡು ತೀರ್ಮಾನ ಕೊಡುತ್ತಾರೆ: ಕೆಲವು ಮಾವು ಹುಳಿ, ಯಾವ ಮಾವೂ ಹುಳಿಯಲ್ಲ. ಒಂದೊಂದಾಗಿ ನೋಡಿದರೆ ಎರಡೂ ಖಚಿತವಲ್ಲ. ಆದರೆ ಎರಡರಲ್ಲಿ ಒಂದು ನಿಜವಾಗಲೇಬೇಕು ಅಲ್ವಾ? ವಿಡಿಯೊ ಪಾಠದಲ್ಲಿ ಇದನ್ನು ಓಡಿಸಿಬಿಟ್ಟಿದ್ದಾರೆ. ನಾನು ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ವೃತ್ತ ಬಿಡಿಸಿ ಬಿಡಿಸಿ ಕಲಿತೆ.

ಈಗ ಬೇಜಾರಿನ ವಿಷಯ: ಕನ್ನಡ ಅನುವಾದ. ‘ನೋ ಪೆನ್ ಈಸ್ ಎ ಬುಕ್’ ಅನ್ನುವುದನ್ನು ‘ಎಲ್ಲಾ ಪೆನ್ನುಗಳು ಪುಸ್ತಕಗಳಲ್ಲ’ ಅಂತ ಬರೆದಿದ್ದಾರೆ. ಕನ್ನಡದಲ್ಲಿ ಇದನ್ನು ಓದಿದವರು ‘ಕೆಲವು ಅಲ್ಲ, ಉಳಿದವು ಇರಬಹುದು’ ಅಂತಲೂ ತಿಳಿಯಬಹುದು. ‘ಯಾವ ಪೆನ್ನೂ ಪುಸ್ತಕವಲ್ಲ’ ಅಂದಿದ್ದರೆ ಮುಗಿದಿತ್ತು. ಇದಕ್ಕಿಂತ ಕೆಟ್ಟದ್ದು ‘ಓನ್ಲಿ ಎ ಫ್ಯೂ’. ಅದರ ಅರ್ಥ ಕೆಲವು ಹೌದು, ಕೆಲವು ಅಲ್ಲ. ಇವರು ಬರೀ ‘ಕೆಲವು’ ಅಂತ ಹಾಕಿದ್ದಾರೆ. ‘ಎಲ್ಲಾ ಪೆನ್ನುಗಳೂ ಪುಸ್ತಕಗಳಾಗುವ ಸಾಧ್ಯತೆ ಇದೆ’ ಅಂತ ತೀರ್ಮಾನ ಕೊಟ್ಟರೆ, ‘ಕೆಲವು’ ಇದ್ದಾಗ ಅದು ಸರಿ (ಉಳಿದವು ಅಲ್ಲ ಅಂತ ಹೇಳಿಲ್ಲವಲ್ಲ), ‘ಕೆಲವು ಮಾತ್ರ’ ಇದ್ದಾಗ ತಪ್ಪು. ಒಂದು ಪದ ಬಿಟ್ಟಿದ್ದಕ್ಕೆ ಉತ್ತರವೇ ತಲೆಕೆಳಗು. ಮೂರು ಸಲ ರಿಪೋರ್ಟ್ ಮಾಡಿದೆ. ‘ಧನ್ಯವಾದ, ಪರಿಶೀಲಿಸುತ್ತೇವೆ’ ಅಂತ ಮೂರು ಸಲವೂ ಅದೇ ಉತ್ತರ.

ಈಗ ಪ್ರಶ್ನೆಯನ್ನು ಎರಡೂ ಭಾಷೆಯಲ್ಲಿ ತೆರೆದು ಓದುತ್ತೇನೆ. ಅದರಿಂದ ಪ್ರಶ್ನೆಗೆ ಹತ್ತಿಪ್ಪತ್ತು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಬೆರಳಿನಿಂದ ವೃತ್ತ ಎಳೆಯುವ ಸೌಲಭ್ಯವೂ ಇದೆ, ಬಳಸಬೇಡಿ. ಪರೀಕ್ಷೆಯಲ್ಲಿ ಕೈಗೆ ಸಿಗುವುದು ರಫ್ ಶೀಟ್ ಮತ್ತು ಪೆನ್ ಅಷ್ಟೇ.

ಚಂದಾ ಇನ್ನೆರಡು ತಿಂಗಳಿದೆ. ‘ಕೆಲವು ಮಾತ್ರ’ ಸರಿ ಮಾಡಿದರೆ ಮುಂದುವರಿಸುತ್ತೇನೆ, ಒಂದು ಸ್ಟಾರ್ ಕೂಡ ಜಾಸ್ತಿ ಕೊಡುತ್ತೇನೆ.