ಕರಾವಳಿಯ ಅಂಗನವಾಡಿ: ಪುಷ್ಟಿ ಪೊಟ್ಟಣದ ಆಚೆಗೆ ಏನುಂಟು?

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಅಂಗನವಾಡಿಯ ವಿಷಯ ಬಂದರೆ ಹೆಚ್ಚಾಗಿ ಕೇಳುವ ಮಾತು ಎರಡು: ‘ಅದೆಲ್ಲ ಬಿಪಿಎಲ್ ಕಾರ್ಡಿನವರಿಗೆ’, ‘ಪುಷ್ಟಿ ಬಂದಿದೆಯಂತೆ, ಹೋಗಿ ತೆಗೊಂಡು ಬಾ’. ಮೊದಲನೆಯದು ಸುಳ್ಳು. ಅಂಗನವಾಡಿಗೆ ಆದಾಯದ ಮಿತಿಯೇ ಇಲ್ಲ. ಆರು ವರ್ಷದೊಳಗಿನ ಮಗು, ಗರ್ಭಿಣಿ, ಬಾಣಂತಿ ಯಾರೇ ಬಂದರೂ ಹೆಸರು ಬರೆಸಬಹುದು. ಎರಡನೆಯದು ಸುಳ್ಳಲ್ಲ, ಆದರೆ ಅಲ್ಲಿ ಸಿಗುವುದರಲ್ಲಿ ಮನೆಗೆ ಕೊಡುವ ಈ ಪುಷ್ಟಿ ಹಿಟ್ಟಿನ ಪೊಟ್ಟಣ ತೀರ ಸಣ್ಣ ಪಾಲು. ಅದನ್ನು ಮಾತ್ರ ತಂದುಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟು ಬರುವವರೇ ಜಾಸ್ತಿ.

1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ, ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಈ ಆರೂ ಸೇವೆಗಳು ಒಂದೇ ಸೂರಿನಡಿ ಇರಬೇಕೆಂಬುದು ಆಗಿನ ಲೆಕ್ಕಾಚಾರ. ಇವತ್ತು ಕರಾವಳಿಯ ಕೇಂದ್ರಗಳನ್ನು ಅದೇ ಅಳತೆಯಲ್ಲಿ ನೋಡಿದರೆ ಆರೋಗ್ಯ ಇಲಾಖೆಯ ಜೊತೆಗಿನ ಕೊಂಡಿ ಗಟ್ಟಿಯಾಗಿದೆ, ಊಟ ಪರವಾಗಿಲ್ಲ. ಕಲಿಕೆ ಕೇಂದ್ರದಿಂದ ಕೇಂದ್ರಕ್ಕೆ ಆಕಾಶ-ಭೂಮಿ. ಮೂರು ವರ್ಷದೊಳಗಿನ ಮಕ್ಕಳ ಪಾಲಿನದು ಮಾತ್ರ ಕಾಗದದ ಮೇಲೆ ಇದ್ದಷ್ಟು ಮನೆಗೆ ಮುಟ್ಟುತ್ತಿಲ್ಲ.

ತೂಕ ನೋಡುವ ಕೆಲಸವನ್ನು ಜನ ಲಘುವಾಗಿ ಕಾಣುತ್ತಾರೆ. ಅಂಗನವಾಡಿಯಲ್ಲಿ ಬೆಲೆಕಟ್ಟಲಾಗದ ಸೇವೆ ಯಾವುದೆಂದರೆ ಅದೇ. ಒಂದರಿಂದ ಎರಡು ವರ್ಷದ ಮಗು ತಿಂಗಳಿಗೆ ಏರುವುದು ಹೆಚ್ಚುಕಡಿಮೆ 200 ಗ್ರಾಂ. ಅಂದಮೇಲೆ ತೂಗುವಾಗ 200 ಗ್ರಾಂ ಆಚೀಚೆ ಆದರೆ ಒಂದು ತಿಂಗಳ ಬೆಳವಣಿಗೆ ಲೆಕ್ಕದಿಂದಲೇ ಮಾಯ. ಒದ್ದೆಯಾದ ಡೈಪರ್ ಒಂದೇ ಸಾಕು ಅಷ್ಟು ಎಡವಟ್ಟಿಗೆ. ಅದರ ಮೇಲೆ ಜುಲೈ ತಿಂಗಳ ಸ್ವೆಟರು, ಸೊಂಟದ ಬೆಳ್ಳಿ ಉಡಿದಾರ, ಶೂ. ಎಲ್ಲ ತೆಗೆಸಿ, ತೆಳು ಅಂಗಿಯಲ್ಲೇ ತೂಗಬೇಕು. ನೇತುಹಾಕುವ ಸಾಲ್ಟರ್ ತಕ್ಕಡಿಯಾದರೆ ಖಾಲಿ ಜೋಲಿ ಸಿಕ್ಕಿಸಿದ ಮೇಲೆ ಮುಳ್ಳು ಸೊನ್ನೆಗೆ ಬಂದಿದೆಯೇ ನೋಡಿ. ಡಿಜಿಟಲ್ ತಕ್ಕಡಿಯಾದರೆ ನೆಲ ಸಮತಟ್ಟಾಗಿರಲಿ. ಹಳೆಯ ಕಟ್ಟಡಗಳ ಕೆಂಪು ಕಾವಿ ನೆಲ ನೋಡಲಿಕ್ಕೆ ಚಂದ, ತಕ್ಕಡಿ ಇಡಲಿಕ್ಕೆ ಅಲ್ಲ.

ಎತ್ತರದಲ್ಲಿ ತಪ್ಪು ಇನ್ನೂ ಹೆಚ್ಚು. ಎರಡು ವರ್ಷದವರೆಗೆ ಮಲಗಿಸಿ ಅಳೆಯಬೇಕು, ಆಮೇಲೆ ನಿಲ್ಲಿಸಿ. ಮಲಗಿಸಿದಾಗ ತಲೆ ಹಲಗೆಗೆ ತಾಗಿರಬೇಕು, ಮೊಣಕಾಲು ನೇರ ಇರಬೇಕು, ಪಾದ ಪಟ್ಟಿಗೆ ಒತ್ತಿರಬೇಕು. ಇದಕ್ಕೆ ಇಬ್ಬರು ಬೇಕೇ ಬೇಕು. ಸಹಾಯಕಿ ಒಲೆಯ ಮುಂದಿರುವ ಹೊತ್ತಿನಲ್ಲಿ ಟೀಚರ್ ಒಬ್ಬರೇ ಅಳೆದರೆ ಮೊಣಕಾಲು ಮಡಚಿ ಒಂದೆರಡು ಸೆಂಟಿಮೀಟರ್ ಕಡಿಮೆ ಬಂದು ಮಗು ‘ಕುಂಠಿತ ಬೆಳವಣಿಗೆ’ ಪಟ್ಟಿಗೆ ಸೇರಿಬಿಡುತ್ತದೆ. ಹಾಗಾಗಿ ಅಮ್ಮನೋ ಅಜ್ಜಿಯೋ ಜೊತೆಗೆ ಹೋಗಿ ತಲೆ ಹಿಡಿದುಕೊಳ್ಳುವುದೇ ಒಳ್ಳೆಯದು. ಇನ್ನೊಂದು ವಿಷಯ ತಿಳಿದಿರಲಿ: ನಿಂತ ಅಳತೆ ಮಲಗಿದ ಅಳತೆಗಿಂತ ಸುಮಾರು 0.7 ಸೆಂ.ಮೀ. ಕಡಿಮೆಯೇ ಬರುತ್ತದೆ. ಎರಡು ವರ್ಷ ತುಂಬಿದ ತಿಂಗಳು ಮಗು ಬೆಳೆದೇ ಇಲ್ಲ ಎಂದು ಕಂಡರೆ ಗಾಬರಿಯಾಗಬೇಡಿ.

ತೂಕ, ಲಸಿಕೆ ಬರೆದಿಡುವ ತಾಯಿ ಕಾರ್ಡಿನ ನಕ್ಷೆಯಲ್ಲಿ ಮಗು ಹಸಿರಿನಲ್ಲಿದೆ, ಅಂದರೆ ತೂಕ ಸರಿಯಿದೆ ಎಂದು ಕೇಳಿ ಸುಮ್ಮನಾಗುವುದೂ ಸರಿಯಲ್ಲ. ಹಸಿರಿನೊಳಗೇ ಗೆರೆ ಸತತ ಎರಡು ತಿಂಗಳು ಮಟ್ಟಸವಾಗಿ ಹೋದರೆ ಏನೋ ಉಂಟು ಎಂದರ್ಥ; ಹೆಚ್ಚಾಗಿ ಊಟ ಕಡಿಮೆಯಾಗಿರುತ್ತದೆ, ಇಲ್ಲವೇ ಜ್ವರ-ಭೇದಿ ಬಂದು ಹೋಗಿರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ ನೋಡುವ ಪಟ್ಟಿ 12.5 ಸೆಂ.ಮೀ.ಗಿಂತ ಕಡಿಮೆ ತೋರಿಸಿದರೆ ಮಧ್ಯಮ, 11.5ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ. ತೀವ್ರವಾಗಿದ್ದು ಬೇರೆ ತೊಂದರೆಯೂ ಇದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ 14 ದಿನ ಇರಬೇಕಾಗುತ್ತದೆ, ಜೊತೆಗಿರುವ ತಾಯಿಗೆ ಕೂಲಿ ನಷ್ಟದ ಭತ್ಯೆ ಕೊಡುತ್ತಾರೆ. ‘ಮನೆಯಲ್ಲಿ ಇನ್ನೊಂದು ಮಗು ಉಂಟು, ಆಗುವುದಿಲ್ಲ’ ಎಂದು ಬಿಡುವವರು ಬಹಳ. ಭತ್ಯೆಯ ವಿಷಯ ಅವರಿಗೆ ಯಾರೂ ಹೇಳಿರುವುದಿಲ್ಲ.

2017ರಲ್ಲಿ ಊಟದ ನಿಯಮ ಇಷ್ಟಿತ್ತು: ವರ್ಷಕ್ಕೆ 300 ದಿನ, ಮಗುವೊಂದಕ್ಕೆ ದಿನಕ್ಕೆ 500 ಕಿಲೋ ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್. ಗರ್ಭಿಣಿ, ಬಾಣಂತಿಯರಿಗೆ 600 ಕ್ಯಾಲೊರಿ, 18ರಿಂದ 20 ಗ್ರಾಂ. ಇದಕ್ಕೆ ಆಗ ನಿಗದಿಯಾದ ದರ ಮಗುವಿಗೆ 8 ರೂಪಾಯಿ, ತಾಯಿಗೆ 9 ರೂಪಾಯಿ 50 ಪೈಸೆ. ಮಂಗಳೂರಿನ ಹೋಟೆಲಿನಲ್ಲಿ ಒಂದು ಚಾ ಕೂಡ ಬಾರದ ಈ ದುಡ್ಡಿನಲ್ಲಿ ಬಿಸಿಯೂಟ ಕೊಡುತ್ತಾರೆಂಬುದೇ ದೊಡ್ಡದು. ಮೂರು ವರ್ಷ ದಾಟಿದವರಿಗೆ ವಾರಕ್ಕೆರಡು ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುವುದರಿಂದ ಆ ದಿನದ ಅರ್ಧ ಲೆಕ್ಕ ಅದರಲ್ಲೇ ಮುಗಿಯುತ್ತದೆ. ಮೊಟ್ಟೆಯ ಪೇಟೆ ದರ ಏರಿದಾಗಲೆಲ್ಲ ಮೊದಲು ಏರುಪೇರಾಗುವುದೂ ಇದೇ.

2013ರ ಆಗಸ್ಟಿನಿಂದ ಇರುವ ಕ್ಷೀರಭಾಗ್ಯದ ಹಾಲನ್ನು ಮಕ್ಕಳು ಬೇಡ ಎಂದರೆ ಕಾರಣ ರುಚಿಯಲ್ಲ, ಗಂಟು. ಕುದಿಯುವ ನೀರಿಗೆ ನೇರ ಹಾಲಿನ ಪುಡಿ ಸುರಿದರೆ ಗಂಟಾಗಿಯೇ ಆಗುತ್ತದೆ. ಮಗುವೊಂದಕ್ಕೆ 15 ಗ್ರಾಮಿನಂತೆ ಪುಡಿ ತೆಗೆದು, ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಉಳಿದ ನೀರಿಗೆ ಸೇರಿಸಿ ಒಟ್ಟು 150 ಮಿ.ಲೀ. ಮಾಡಿದರೆ ಲೋಟ ಖಾಲಿಯಾಗಿಯೇ ವಾಪಸ್ ಬರುತ್ತದೆ. ಅನ್ನದ್ದು ಬೇರೆ ಕತೆ. ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಮಗುವಿಗೆ ಬೆಳ್ತಿಗೆ ಅಕ್ಕಿಯ ಅನ್ನ ಸಪ್ಪೆ. ಶುರುವಿನ ಒಂದೆರಡು ವಾರ ಅರ್ಧ ತಟ್ಟೆಯನ್ನೇ ಬಡಿಸಿ, ಸಾರು ನೀರಾಗದಂತೆ ನೋಡಿಕೊಂಡರೆ ಒಗ್ಗಿಹೋಗುತ್ತದೆ.

ಮೂರು ವರ್ಷದೊಳಗಿನವರಿಗೆ ಮನೆಗೆ ಕೊಡುವ ಪುಷ್ಟಿಯ ಗತಿ ಎಲ್ಲರಿಗೂ ಗೊತ್ತು: ಮನೆಮಂದಿಗೆಲ್ಲ ಹಂಚಿ ಉಳಿದದ್ದು ಹಟ್ಟಿಯ ದನಕ್ಕೆ. ಕರಾವಳಿಯ ಹವೆಯಲ್ಲಿ ತೆರೆದ ಪೊಟ್ಟಣ ಬೇಗ ಮುಗ್ಗುಲು ಹಿಡಿಯುತ್ತದೆ, ಅದೇ ನೆಪವಾಗುತ್ತದೆ. ತಂದ ದಿನವೇ ದಿನಾಂಕ ನೋಡಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿಯಿರಿ, ಒಣ ಚಮಚವನ್ನೇ ಹಾಕಿ. ಬೇಯಿಸುವಾಗ ಚಮಚ ಓರೆ ಮಾಡಿದರೆ ತೊಟ್ಟಿಕ್ಕದಷ್ಟು ದಪ್ಪ ಇರಲಿ. ನೀರಾದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಇಳಿಸಿದ ಮೇಲೆ ಒಂದು ಟೀ ಚಮಚ ತೆಂಗಿನೆಣ್ಣೆ ಹಾಕಿದರೆ 40-45 ಕ್ಯಾಲೊರಿ ಸೇರುತ್ತದೆ.

ಇನ್ನು ಕಲಿಕೆ. ಮೂರರಿಂದ ಆರು ವರ್ಷದವರಿಗೆ ‘ಆಧಾರಶಿಲಾ’, ಹುಟ್ಟಿನಿಂದ ಮೂರರವರೆಗೆ ‘ನವಚೇತನ’ ಎಂಬ ಎರಡು ಚೌಕಟ್ಟುಗಳನ್ನು ಕೇಂದ್ರ ಸರ್ಕಾರ 2024ರಲ್ಲಿ ತಂದಿತು. ಆಧಾರಶಿಲಾದಲ್ಲಿ ವರ್ಷವನ್ನು 48 ವಾರವಾಗಿ ಹಂಚಿದ್ದಾರೆ: ಮಗು ಹೊಂದಿಕೊಳ್ಳಲು 4, ಹೊಸ ಚಟುವಟಿಕೆಗೆ 36, ಮತ್ತೆ ಗಟ್ಟಿ ಮಾಡಲು 8. ಲೆಕ್ಕ ಚೆನ್ನಾಗಿದೆ, ಆದರೆ ಮಳೆ ಅದಕ್ಕೆ ಸೇರಿಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲಾಧಿಕಾರಿಗಳು ಜೂನ್-ಜುಲೈಯಲ್ಲಿ ರೆಡ್ ಅಲರ್ಟ್ ದಿನ ರಜೆ ಸಾರುವಾಗ ಅಂಗನವಾಡಿಯಿಂದಲೇ ಪಟ್ಟಿ ಶುರು. ಹೊಂದಿಕೊಳ್ಳುವ ಆ ನಾಲ್ಕು ವಾರ ಸರಿಯಾಗಿ ಇದೇ ಹೊತ್ತಿಗೆ ಬೀಳುತ್ತದೆ. ಎರಡು ದಿನ ಬಂದು ಮೂರು ದಿನ ಮನೆಯಲ್ಲಿದ್ದ ಮಗು ಪ್ರತಿ ಸಲವೂ ಹೊಸದಾಗಿ ಅಳುತ್ತದೆ. ಸಾಧ್ಯವಿದ್ದವರು ಮಗುವನ್ನು ಮಳೆ ಬೀಳುವ ಮೊದಲೇ ದಿನಕ್ಕೆ ಒಂದು ಗಂಟೆಯಂತೆ ಕೂರಿಸಿ ರೂಢಿ ಮಾಡಿಸುವುದು ಮೇಲು.

ಒಳ್ಳೆಯ ಕೇಂದ್ರವನ್ನು ಬಾಗಿಲಲ್ಲೇ ನಿಂತು ಗುರುತಿಸಬಹುದು. ಮಕ್ಕಳು ಬಿಡಿಸಿದ ಚಿತ್ರ ಅವರ ಕಣ್ಣಿನ ಎತ್ತರಕ್ಕೇ ಅಂಟಿಸಿರುತ್ತದೆ, ಆಟಿಕೆ ಬೀರುವಿನ ಮೇಲಲ್ಲ, ನೆಲದಲ್ಲಿರುತ್ತದೆ. ಗೆರಟೆ, ಅಡಿಕೆ ಹಾಳೆ, ಹಲಸಿನೆಲೆ, ಕಡಲ ಚಿಪ್ಪು ಇವೇ ಅಲ್ಲಿನ ಸಾಮಾನು, ದುಡ್ಡು ಬೇಡ. ಒಂದು ಎಚ್ಚರಿಕೆ ಮಾತ್ರ: ಅಂದಕ್ಕೆ ಮರುಳಾಗಿ ಗುಲಗಂಜಿ ಬೀಜ ಇಡುವವರಿದ್ದಾರೆ. ಜಗಿದರೆ ಪ್ರಾಣಕ್ಕೇ ಅಪಾಯವಾಗುವ ವಿಷ ಅದು. ಮೂರು ವರ್ಷದೊಳಗಿನವರು ಇರುವ ಕೋಣೆಯಲ್ಲಿ ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ ಯಾವ ಬೀಜವೂ ಕೈಗೆ ಸಿಗಬಾರದು.

ಕೆಟ್ಟ ಕೇಂದ್ರದ ಗುರುತು ಮೂರು ವರ್ಷದ ಮಗುವಿನ ಕೈಯಲ್ಲಿ ಸ್ಲೇಟು. ಇದರಲ್ಲಿ ಟೀಚರಿಗಿಂತ ತಂದೆತಾಯಿಯ ಪಾಲೇ ದೊಡ್ಡದು. ‘ಇನ್ನೂ ಎಬಿಸಿಡಿ ಬರೆಯಲಿಕ್ಕೆ ಬರುವುದಿಲ್ಲವಲ್ಲ ಟೀಚರೇ’ ಎಂದು ನಾಲ್ಕು ಮಂದಿ ಕೇಳಿದರೆ, ಮಕ್ಕಳ ಸಂಖ್ಯೆ ಇಳಿದೀತೆಂಬ ಹೆದರಿಕೆಗೆ ಅವರೂ ಬರೆಸುತ್ತಾರೆ. ಮಗು ವೃತ್ತವನ್ನು ನೋಡಿ ಬರೆಯುವುದು ಮೂರರ ಹೊತ್ತಿಗೆ, ಕೂಡಿಸುವ ಚಿಹ್ನೆ ನಾಲ್ಕರ ಹೊತ್ತಿಗೆ, ತ್ರಿಕೋನ ಐದರ ಹೊತ್ತಿಗೆ. ಮೂಲೆ ತಿರುಗಿಸಲಿಕ್ಕೆ ಬಾರದ ಕೈ ಅಕ್ಷರ ಬರೆಯಲಾರದು. ಅದಕ್ಕೆ ಬೇಕಾದದ್ದು ಮಣ್ಣು ನಾದುವುದು, ಕಾಗದ ಹರಿಯುವುದು, ಮಣಿ ಪೋಣಿಸುವುದು. ಅಷ್ಟಕ್ಕೂ ಸರ್ಕಾರಿ ಶಾಲೆಯ ಒಂದನೇ ತರಗತಿಯ ನಲಿ-ಕಲಿಯಲ್ಲೇ ಅ ಆ ಇ ಈ ಇಲ್ಲ, ಆಕಾರ ನೋಡಿ ‘ರ ಗ ಸ ದ ಅ’ ಎಂದು ಶುರು ಮಾಡುತ್ತಾರೆ. ಇಲ್ಲಿ ಕಂಠಪಾಠ ಮಾಡಿಸಿದ್ದು ಅಲ್ಲಿ ಉಪಯೋಗಕ್ಕಿಲ್ಲ.

ಭಾಷೆ ಇಲ್ಲಿನ ವಿಶೇಷ. ಒಂದೇ ಕೋಣೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡದ ಮಕ್ಕಳು, ಜೊತೆಗೆ ಕಟ್ಟಡ ಕೆಲಸಕ್ಕೆ ಬಂದ ಬಾಗಲಕೋಟೆ, ಕೊಪ್ಪಳದವರ ಮಕ್ಕಳು. ತಿಂಗಳುಗಟ್ಟಲೆ ಮಾತಾಡದ ಮಗು ಮಂಕು ಎಂದುಕೊಳ್ಳುವ ಮೊದಲು ಟೀಚರಿಗೆ ಆ ಮಗುವಿನ ಮನೆಮಾತಿನ ಹತ್ತು ಮಾತಾದರೂ ಗೊತ್ತೇ ಎಂದು ನೋಡಬೇಕು. ಒಂದಕ್ಕೆ, ಎರಡಕ್ಕೆ ಹೋಗಬೇಕು, ನೀರು ಬೇಕು, ನೋಯುತ್ತಿದೆ, ಅಮ್ಮ ಯಾವಾಗ ಬರುತ್ತಾಳೆ, ಇಷ್ಟಕ್ಕೆ ಉತ್ತರ ಸಿಕ್ಕಿದರೆ ಮಗು ಕನ್ನಡಕ್ಕೆ ತಾನಾಗಿ ಬರುತ್ತದೆ. ಸೇರಿಸುವ ದಿನವೇ ಈ ಮಾತುಗಳನ್ನು ಚೀಟಿಯಲ್ಲಿ ಬರೆದು ಕೊಡಿ.

ಈ ಕಲಿಕೆಯ ಹೊತ್ತನ್ನು ತಿನ್ನುತ್ತಿರುವುದು, ಅಂಗನವಾಡಿಯ ಲೆಕ್ಕವನ್ನು ಟೀಚರ್ ಮೊಬೈಲಿನಲ್ಲಿ ದಾಖಲಿಸುವ ಪೋಷಣ್ ಟ್ರ್ಯಾಕರ್ ಆಪ್. 2025ರ ಜುಲೈಯಿಂದ ಮನೆಗೆ ಕೊಡುವ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸುವುದು ಕಡ್ಡಾಯ. ಅದಕ್ಕೂ ಮೊದಲು ಆಧಾರ್ ಓಟಿಪಿಯಿಂದ ಇ-ಕೆವೈಸಿ (ಗುರುತಿನ ದೃಢೀಕರಣ) ಆಗಬೇಕು. ಕರಾವಳಿಯಲ್ಲಿ ತಾಯಿಯ ಆಧಾರಿಗೆ ಜೋಡಿಸಿರುವ ನಂಬರು ಎಷ್ಟೋ ಸಲ ಗಂಡನದ್ದು, ಗಂಡ ಇರುವುದು ದುಬೈಯಲ್ಲೋ ಮುಂಬೈಯಲ್ಲೋ. ಓಟಿಪಿ ಅಲ್ಲಿಗೆ ಹೋಗಿ ಅವಧಿ ಮುಗಿಯುವಾಗ ಇಲ್ಲಿ ಇಪ್ಪತ್ತು ಮಕ್ಕಳು ಗಲಾಟೆ ಎಬ್ಬಿಸಿರುತ್ತಾರೆ. ಗರ್ಭಿಣಿಯಾಗಿರುವಾಗಲೇ ಆಧಾರ್ ಕೇಂದ್ರಕ್ಕೆ ಹೋಗಿ ಸ್ವಂತ ನಂಬರು ಜೋಡಿಸಿಕೊಂಡರೆ ನಿಮ್ಮ ಕೆಲಸವೂ ಸಲೀಸು, ಟೀಚರ ಬೆಳಗೂ ಉಳಿಯಿತು. ಮಗುವಿನ ಆಧಾರ್ ಇಲ್ಲವೆಂದು ಹಿಂದೆ ಸರಿಯಬೇಡಿ, ತಾಯಿಯದ್ದು ಸಾಕು.

ನವಚೇತನದಲ್ಲಿ ಮೂರು ವರ್ಷದೊಳಗಿನವರಿಗೆ ತಿಂಗಳವಾರು 140 ಚಟುವಟಿಕೆಗಳಿವೆ, ಎಲ್ಲವೂ ಮನೆಯಲ್ಲೇ ಮಾಡುವಂಥವು. ಮನೆಭೇಟಿಗೆ ಬಂದ ಟೀಚರ್ ರಿಜಿಸ್ಟರಿಗೆ ಸಹಿ ಹಾಕಿಸಿ ಎದ್ದರೆ ‘ಈ ತಿಂಗಳ ಆಟ ಯಾವುದು?’ ಎಂದು ಕೇಳಿ. ಅವರು ಕಲಿತಿರುತ್ತಾರೆ, ಕೇಳುವವರಿಲ್ಲದೆ ಹೇಳುವುದಿಲ್ಲ ಅಷ್ಟೇ. 9 ತಿಂಗಳಿಗೆ ಆಧಾರವಿಲ್ಲದೆ ಕೂರದ, 18 ತಿಂಗಳಿಗೆ ನಡೆಯದ, ಎರಡು ವರ್ಷ ಕಳೆದರೂ ಎರಡು ಪದ ಜೋಡಿಸದ ಮಗುವನ್ನು ‘ಅವನ ಅಪ್ಪನೂ ಹಾಗೆಯೇ ಇದ್ದ’ ಎಂದು ಕಾಯಬಾರದು. ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರುತ್ತದೆ, ಅಲ್ಲಿಂದ ಜಿಲ್ಲಾ ಶೀಘ್ರ ಪತ್ತೆ ಕೇಂದ್ರಕ್ಕೆ ಉಚಿತವಾಗಿ ಕಳುಹಿಸುತ್ತಾರೆ. ದಿನಾಂಕ ಮೊದಲೇ ಕೇಳಿಟ್ಟುಕೊಳ್ಳಿ. ಆ ದಿನ ತಪ್ಪಿದರೆ ಮುಂದಿನ ಆರು ತಿಂಗಳು ಹೋಯಿತು. ವಿಟಮಿನ್ ಎ ಹನಿಯೂ ಹಾಗೆಯೇ, 9ನೇ ತಿಂಗಳಿಂದ ಐದು ವರ್ಷದವರೆಗೆ ಒಟ್ಟು 9 ಸಲ. ಲಸಿಕೆ ಮುಗಿಯಿತೆಂದು ತಾಯಿ ಕಾರ್ಡನ್ನು ಕಪಾಟಿಗೆ ಹಾಕುವ ಮನೆಗಳಲ್ಲಿ ಕೊನೆಯ ಮೂರ್ನಾಲ್ಕು ಸಲದ್ದು ತಪ್ಪಿಯೇ ಹೋಗುತ್ತದೆ.

ಖಾಸಗಿ ಪ್ಲೇ ಸ್ಕೂಲಿಗೆ ಹೋಲಿಸಿದರೆ ನಗರದ ಬಾಡಿಗೆ ಕಟ್ಟಡಗಳ ಅಂಗನವಾಡಿ ಇಕ್ಕಟ್ಟು, ಅಂಗಳವಿಲ್ಲ, ಶೌಚಾಲಯ ಮಕ್ಕಳ ಅಳತೆಯದ್ದಲ್ಲ. ಇದರಲ್ಲಿ ಎರಡು ಮಾತಿಲ್ಲ. ಆದರೆ ಬಣ್ಣದ ಗೋಡೆಯ ಪ್ಲೇ ಸ್ಕೂಲು ತೂಕ ನೋಡುವುದಿಲ್ಲ, ಲಸಿಕೆಯ ಲೆಕ್ಕ ಇಡುವುದಿಲ್ಲ, ಮನೆಗೆ ಬರುವುದಿಲ್ಲ. ಹೊರಗೆ ಸೇರಿಸುವುದೇ ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು? 2013ರ ರಾಷ್ಟ್ರೀಯ ನೀತಿಯ ಪ್ರಕಾರ ಮೂರು ದಾಟಿದವರಿಗೆ 20ಕ್ಕೆ ಒಬ್ಬರು, ಮೂರರೊಳಗಿನವರಿಗೆ 10ಕ್ಕೆ ಒಬ್ಬರು ಇರಬೇಕು.

ಅವಸರಕ್ಕಂತೂ ಕಾರಣವಿಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮದಲ್ಲಿ 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳ ಸಡಿಲಿಕೆ ಕೊಟ್ಟಿದ್ದರು. ಮೂರಕ್ಕೇ ಎಲ್‌ಕೆಜಿಗೆ ಹಾಕಿದರೆ ಯುಕೆಜಿ ಮುಗಿಸಿ ಒಂದು ವರ್ಷ ಕಾಯುವುದೇ ಆಗುತ್ತದೆ. ಆ ಒಂದು ವರ್ಷವನ್ನು ಮೊದಲೇ ಅಂಗನವಾಡಿಯಲ್ಲಿ ಕಳೆಯಲಿ, ಜೂನ್‌ಗೆ ನಾಲ್ಕು ತುಂಬಿದ ಮೇಲೆ ಎಲ್‌ಕೆಜಿ ಯೋಚಿಸಿ. ಹೆರಿಗೆಗೆ ತವರಿಗೆ ಹೋಗುವವರು, ಬಾಡಿಗೆ ಮನೆ ಬದಲಿಸುವವರು ಟೀಚರಿಗೆ ಹೇಳಿ ಆಪ್‌ನಲ್ಲಿ ಹೆಸರನ್ನು ಹೊಸ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬೇಕು. ಹಳೆಯ ಕಡೆ ಹೆಸರು ಹಾಗೆಯೇ ಇದ್ದರೆ ಹೊಸ ಕಡೆ ದಾಖಲಾಗುವಾಗ ತಕರಾರು ಬರುತ್ತದೆ. ಸರಿಹೋಗದಿದ್ದರೆ ವಲಯ ಮೇಲ್ವಿಚಾರಕಿ, ಆಮೇಲೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ. ಪೋಷಣ್ ಸಹಾಯವಾಣಿಯೂ ಉಂಟು, ಕರೆ ಉಚಿತ.