ಗದ್ಯಭಾಗದ ವಿಮರ್ಶೆ ಕಲಿಸುವ ಭಾನುವಾರದ ತರಗತಿ

ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಓದುತ್ತಿರುವ ನನಗೆ ಶಿವಮೊಗ್ಗದ ಈ ತರಗತಿ ನಿಜವಾಗಿ ಕೆಲಸಕ್ಕೆ ಬಂತು. ನಿವೃತ್ತ ಮೇಷ್ಟ್ರೊಬ್ಬರು ಮನೆಯಲ್ಲೇ ನಡೆಸುತ್ತಾರೆ. ಗೈಡುಗಳು ಕವಿಪರಿಚಯ, ಕಥಾಸಾರಾಂಶದಲ್ಲೇ ಮುಗಿದುಬಿಡುತ್ತವೆ. ಇವರು ಸಾರಾಂಶ ಬರೆದ ಹಾಳೆಯನ್ನು ಓದದೆ ವಾಪಸ್ ಕೊಡುತ್ತಾರೆ.

ನಮಗೆ ಕೊಟ್ಟಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಕೊನೆಯಲ್ಲಿ, ತುಂಬಿದ ತುಂಗೆಯಲ್ಲಿ ಗುತ್ತಿ ಎಂಬ ಪಾತ್ರದ ‘ಹುಲಿಯ’ ಹೆಸರಿನ ನಾಯಿ ಕೊಚ್ಚಿಹೋಗುವ ಭಾಗ. ಹೆಚ್ಚಿನವರು ‘ಕರುಣರಸ’ ಎಂದು ಬರೆದು ಸುಮ್ಮನಾದರು. ಮೇಷ್ಟ್ರು ಕೇಳಿದ್ದೇ ಬೇರೆ: ನಿರೂಪಕ ಇಲ್ಲಿ ಯಾರ ಕಣ್ಣಿನಿಂದ ನೋಡುತ್ತಿದ್ದಾನೆ? ಈ ವಾಕ್ಯದ ಕ್ರಿಯಾಪದ ಹೊಳೆಯದೋ, ನಾಯಿಯದೋ? ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಹೋದಂತೆ, ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂಬ ಆರಂಭದ ಮಾತಿಗೆ ಈ ನಾಯಿಯೇ ಪುರಾವೆ ಎನ್ನಿಸಿತು. ನನ್ನ ಪ್ರಬಂಧದ ವಾದ ಹುಟ್ಟಿದ್ದು ಅಲ್ಲೇ. ಎಂಥ ಸಂತೋಷ ಅದು!

ತಿದ್ದಿದ ಪ್ರತಿ ಕೈಸೇರುವುದು ತಡ. ಪರೀಕ್ಷೆ ಹತ್ತಿರವಿದ್ದವರಿಗೆ ಕಷ್ಟವೇ. ಆದರೆ ಅಂಚಿನ ತುಂಬ ಕೆಂಪು ಶಾಯಿಯಲ್ಲಿ ‘ಇದಕ್ಕೆ ಯಾವ ಸಾಲು ಆಧಾರ?’ ಎಂದು ಕೇಳಿರುತ್ತಾರೆ. ಸೇರುವವರು ಕಾದಂಬರಿಯನ್ನು ಪೂರ್ತಿ ಓದಿಕೊಂಡೇ ಹೋಗಿ.