ಸಂಬಂಧಗಳ ಲೆಕ್ಕವಿಡುವ ಆ್ಯಪ್: ಏಳು ತಿಂಗಳ ಬಳಕೆಯ ನಂತರ

ಯಾರೊಂದಿಗೆ ಮಾತನಾಡಿ ಎಷ್ಟು ದಿನಗಳಾದವು ಎಂಬುದನ್ನು ಎಣಿಸಿ, ಅಂತರ ಹೆಚ್ಚಾದಾಗ ಎಚ್ಚರಿಸುವ ಆ್ಯಪ್‌ಗಳು ಈಗ ಹಲವು ಬಂದಿವೆ. ಅವುಗಳಲ್ಲಿ ಒಂದನ್ನು ನಾನು ಏಳು ತಿಂಗಳಿಂದ ಪ್ರತಿದಿನ ಬಳಸುತ್ತಿದ್ದೇನೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಹೊರಟಿರುವ ಕೊರತೆ ಆ ಒಂದು ಆ್ಯಪಿನದ್ದು ಎನ್ನುವುದಕ್ಕಿಂತ, ಸಂಬಂಧವೆಂದರೆ ಏನು ಎಂಬ ಬಗ್ಗೆ ಅದನ್ನು ಕಟ್ಟಿದವರ ತಿಳಿವಳಿಕೆಯದ್ದು. ತಾಂತ್ರಿಕವಾಗಿ ಅದು ಅಚ್ಚುಕಟ್ಟಾಗಿದೆ: ಫೋನಿನಲ್ಲಿರುವ ಹೆಸರುಗಳನ್ನು ಬೇಗ ಓದಿಕೊಳ್ಳುತ್ತದೆ, ಟಿಪ್ಪಣಿಗಳನ್ನು ಫೋನಿನಲ್ಲೇ ಉಳಿಸುತ್ತದೆ, ಬ್ಯಾಟರಿಯನ್ನು ಹೆಚ್ಚು ಬಳಸುವುದಿಲ್ಲ.

ಹೆಸರೊಂದನ್ನು ಸೇರಿಸಿದ ಕೂಡಲೇ ಆ್ಯಪ್ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಈ ವ್ಯಕ್ತಿ ನಿಮಗೆ ಏನಾಗಬೇಕು ಎಂಬುದು ಮೊದಲನೆಯದು. ಇವರನ್ನು ಯಾವ ವರ್ತುಲದಲ್ಲಿ ಇಡಬೇಕು ಎಂಬುದು ಎರಡನೆಯದು. ವರ್ತುಲಗಳು ನಾಲ್ಕು: 5, 15, 50 ಮತ್ತು 150 ಜನರವು. ಇವು ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಅವರಿಂದ ಬಂದ ಅಂಕಿಗಳು. ವಾನರ ಜಾತಿಗಳ ಮಿದುಳಿನ ಹೊರಪದರದ ಗಾತ್ರವನ್ನೂ ಅವುಗಳ ಗುಂಪಿನ ಗಾತ್ರವನ್ನೂ ಹೋಲಿಸಿ, ಮನುಷ್ಯ ನಿಭಾಯಿಸಬಲ್ಲ ಸಂಬಂಧಗಳ ಮಿತಿ ಸುಮಾರು 150 ಎಂದು ಅವರು 1990ರ ದಶಕದ ಆರಂಭದಲ್ಲಿ ಅಂದಾಜು ಮಾಡಿದರು. ಒಳವರ್ತುಲದವರೊಂದಿಗೆ ವಾರಕ್ಕೊಮ್ಮೆಯಾದರೂ, ಹೊರವರ್ತುಲದವರೊಂದಿಗೆ ವರ್ಷಕ್ಕೊಮ್ಮೆಯಾದರೂ ಮಾತನಾಡಬೇಕೆಂದು ಆ್ಯಪ್ ಬಯಸುತ್ತದೆ. ಮಾತು ತಪ್ಪಿದರೆ ಹೆಸರಿನ ಸುತ್ತಲಿನ ಹಸಿರು ಗೆರೆ ಹಳದಿಯಾಗುತ್ತದೆ, ಬಳಿಕ ಕೆಂಪಾಗುತ್ತದೆ.

ಮೊದಲ ಪ್ರಶ್ನೆಯಲ್ಲೇ ನನಗೆ ತೊಡಕು ಎದುರಾಯಿತು. ಉತ್ತರಕ್ಕೆ ಕುಟುಂಬ, ಸ್ನೇಹ, ಉದ್ಯೋಗ, ಇತರ ಎಂಬ ನಾಲ್ಕೇ ಆಯ್ಕೆಗಳಿವೆ. ಅಣ್ಣನಿಗೂ ತಮ್ಮನಿಗೂ ಬೇರೆ ಬೇರೆ ಪದವಿಟ್ಟಿರುವ ಭಾಷೆಯಲ್ಲಿ ಬೆಳೆದವರಿಗೆ, ಆ ಪದವೇ ಯಾರು ಮೊದಲು ಮಾತನಾಡಿಸಬೇಕು, ಯಾರು ಯಾರಿಗೆ ಬುದ್ಧಿ ಹೇಳಬಹುದು ಎಂಬುದನ್ನೂ ತಿಳಿಸುತ್ತದೆ. ತಂದೆಯನ್ನೂ ತಂದೆಯ ಸಹೋದರನನ್ನೂ ಒಂದೇ ಪದದಿಂದ ಕರೆಯುವ ಭಾಷೆಗಳೂ ಇವೆ. ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಷ್ಟು ಹಿಂದೆಯೇ ಇಂಥ ಬಂಧುವಾಚಕಗಳನ್ನು ಹಲವು ಸಮಾಜಗಳಿಂದ ಕಲೆಹಾಕಿ ಹೋಲಿಸಿದ್ದರು. ಇವೆಲ್ಲವನ್ನೂ ‘ಕುಟುಂಬ’ ಎಂಬ ಒಂದೇ ಗುಂಡಿಯೊಳಗೆ ತುಂಬಿದಾಗ, ಆ ಸಂಬಂಧದಲ್ಲಿ ನಡೆದುಕೊಳ್ಳಬೇಕಾದ ರೀತಿಯೇ ಕಳೆದುಹೋಗುತ್ತದೆ. ಆ್ಯಪ್ ಸಿದ್ಧಪಡಿಸಿಕೊಡುವ ಸಂದೇಶಗಳಲ್ಲಿ ಇದು ಎದ್ದು ಕಾಣುತ್ತದೆ. ನನಗೆ ಪಾಠ ಹೇಳಿದ ಹಿರಿಯರೊಬ್ಬರಿಗೆ ಕಳುಹಿಸಲೆಂದು ಅದು ಮುಂದಿಟ್ಟ ವಾಕ್ಯ ಹೀಗಿತ್ತು: ‘ಹಾಯ್, ನಿನ್ನ ನೆನಪಾಯಿತು, ಹೇಗಿದ್ದೀಯ?’ ನೀನು ಮತ್ತು ನೀವು ಎಂಬಂಥ ಸರ್ವನಾಮಗಳ ಹಿಂದೆ ಅಧಿಕಾರ ಹಾಗೂ ಆಪ್ತತೆ ಎಂಬ ಎರಡು ಅಳತೆಗಳು ಕೆಲಸ ಮಾಡುತ್ತವೆ ಎಂದು ಸಂಶೋಧಕರಾದ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ತೋರಿಸಿಕೊಟ್ಟರು. ಈ ಆ್ಯಪಿಗೆ ಆಪ್ತತೆಯೊಂದೇ ಗೊತ್ತು. ನಾನು ಅದನ್ನು ಕಳುಹಿಸಲಿಲ್ಲ.

ಮೂರನೆಯ ತಿಂಗಳಲ್ಲಿ ನಡೆದ ಒಂದು ಪ್ರಸಂಗ ನನ್ನ ಅಭಿಪ್ರಾಯವನ್ನು ಗಟ್ಟಿಗೊಳಿಸಿತು. ಬಾಲ್ಯದ ಗೆಳತಿಯೊಬ್ಬಳ ಹೆಸರಿನ ಕೆಳಗೆ ‘87 ದಿನಗಳಾದವು’ ಎಂದು ಕೆಂಪಕ್ಷರದಲ್ಲಿ ಮೂಡಿದಾಗ, ನಾನು ಅವಳಿಗೆ ಎರಡು ಸಾಲು ಬರೆದೆ. ಹತ್ತು ನಿಮಿಷದೊಳಗೆ ಅವಳ ಕರೆ ಬಂತು. ‘ಏನಾಯ್ತೇ? ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ತಾನೆ?’ ಎಂದಳು, ದನಿಯಲ್ಲಿ ಗಾಬರಿಯಿತ್ತು. ಕಾರಣವಿಲ್ಲದೆ ಕ್ಷೇಮ ವಿಚಾರಿಸುವುದು ನಮ್ಮಿಬ್ಬರ ನಡುವೆ ಎಂದೂ ಇದ್ದದ್ದಲ್ಲ. ಆರು ತಿಂಗಳ ಮೌನದ ನಂತರವೂ ನಿಲ್ಲಿಸಿದ್ದಲ್ಲಿಂದಲೇ ಮಾತು ಮುಂದುವರಿಯುವ ಸ್ನೇಹವದು. ಆ್ಯಪ್ ಕೊರತೆಯೆಂದು ಗುರುತಿಸಿದ ಮೌನವನ್ನು ನಾವಿಬ್ಬರೂ ನಂಬಿಕೆಯೆಂದೇ ಬಲ್ಲೆವು. ಮಾತಿನಲ್ಲಿ ಆಡಿದ್ದೇ ಅರ್ಥದ ಬಹುಪಾಲನ್ನು ಹೊರುವ ಸಂಸ್ಕೃತಿಗಳೂ, ಆಡದೆ ಬಿಟ್ಟದ್ದನ್ನು ಸಂದರ್ಭದಿಂದ ಅರಿತುಕೊಳ್ಳುವ ಸಂಸ್ಕೃತಿಗಳೂ ಬೇರೆ ಬೇರೆ ಎಂದು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ವಿವರಿಸಿದ್ದರು. ಈ ಆ್ಯಪ್ ಮೊದಲನೆಯ ಬಗೆಯ ಸಂಸ್ಕೃತಿಯಲ್ಲಿ ಹುಟ್ಟಿದ್ದು. ಆಡಿದ್ದನ್ನಷ್ಟೇ ಅದು ಎಣಿಸುತ್ತದೆ.

ಹಾಗೆಂದು ಎಣಿಕೆ ಎಲ್ಲೆಡೆಯೂ ತಪ್ಪಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿರುವುದು ಸಂಬಂಧಗಳ ಚಲನಶೀಲತೆ ಎಂಬ ಪರಿಕಲ್ಪನೆ. ಒಂದು ಸಮಾಜದಲ್ಲಿ ಹೊಸಬರನ್ನು ಪರಿಚಯಿಸಿಕೊಳ್ಳುವುದಕ್ಕೂ ಹಳೆಯ ಸಂಬಂಧವನ್ನು ಬಿಟ್ಟು ಹೊರಡುವುದಕ್ಕೂ ಎಷ್ಟು ಅವಕಾಶವಿದೆ ಎಂಬುದನ್ನು ಅದು ಅಳೆಯುತ್ತದೆ. 2018ರಲ್ಲಿ ಪ್ರಕಟವಾದ, 39 ಸಮಾಜಗಳ 16,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನದಲ್ಲಿ, ಅಮೆರಿಕ ಖಂಡಗಳ ದೇಶಗಳಲ್ಲಿ ಈ ಚಲನಶೀಲತೆ ಹೆಚ್ಚಾಗಿಯೂ ಪೂರ್ವ ಏಷ್ಯಾದಲ್ಲಿ ಕಡಿಮೆಯಾಗಿಯೂ ಕಂಡುಬಂತು. ನೀರನ್ನೂ ದುಡಿಮೆಯನ್ನೂ ಹಂಚಿಕೊಳ್ಳಲೇಬೇಕಾದ ಭತ್ತದ ಬೇಸಾಯದ ಇತಿಹಾಸವಿರುವ ಕಡೆ, ಹಾಗೆಯೇ ರೋಗರುಜಿನ ಮತ್ತು ಯುದ್ಧಗಳಂಥ ಬೆದರಿಕೆ ಹೆಚ್ಚಾಗಿದ್ದ ಕಡೆ, ಜನರು ಇರುವ ಸಂಬಂಧಗಳಲ್ಲೇ ಕಟ್ಟಿಕೊಂಡು ಬಾಳುವುದು ಹೆಚ್ಚು. ಬಿಟ್ಟುಹೋಗುವುದು ಸುಲಭವಿರುವ ಕಡೆ ಸ್ನೇಹವನ್ನು ಪದೇ ಪದೇ ಗೆದ್ದುಕೊಳ್ಳಬೇಕಾಗುತ್ತದೆ: ಮನಸ್ಸು ಬಿಚ್ಚಿ ಮಾತನಾಡಬೇಕು, ನೆನಪಿಸಿಕೊಂಡದ್ದನ್ನು ತೋರಿಸಬೇಕು, ಪ್ರೀತಿಯನ್ನು ಬಾಯಿಬಿಟ್ಟು ಹೇಳಬೇಕು. ಬಿಟ್ಟುಹೋಗುವುದು ಕಷ್ಟವಿರುವ ಕಡೆ ಮುಖ್ಯವಾಗುವ ಕೌಶಲವೇ ಬೇರೆ. ಅಲ್ಲಿ ಜಗಳವಾಗದಂತೆ, ಯಾರಿಗೂ ಹೊರೆಯಾಗದಂತೆ ಎಚ್ಚರದಿಂದ ನಡೆದುಕೊಳ್ಳಬೇಕು. ಘಾನಾದ ಜನರು ಅಮೆರಿಕನ್ನರಿಗಿಂತ ಕಡಿಮೆ ಸ್ನೇಹಿತರನ್ನು ಹೇಳಿಕೊಳ್ಳುತ್ತಾರೆ, ಸ್ನೇಹಿತರ ಬಗ್ಗೆ ಎಚ್ಚರದ ಮಾತನ್ನೂ ಹೆಚ್ಚಾಗಿ ಆಡುತ್ತಾರೆ ಎಂದು ಮನೋವಿಜ್ಞಾನಿಗಳಾದ ಗ್ಲೆನ್ ಆಡಮ್ಸ್ ಮತ್ತು ವಿಕ್ಟೋರಿಯಾ ಪ್ಲಾಟ್ 2003ರಲ್ಲಿ ವರದಿ ಮಾಡಿದ್ದರು. ಸ್ನೇಹವೆಂದರೆ ನೆರವಿನ ಹೊಣೆ ಎಂದು ತಿಳಿದವರು ಅದನ್ನು ಅಳೆದು ತೂಗಿ ಒಪ್ಪಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಅಂಥವರ ಪಟ್ಟಿಯಲ್ಲಿ ಹೆಸರುಗಳು ಕಡಿಮೆಯಿವೆಯೆಂದು ‘ನಿಮ್ಮ ವರ್ತುಲವನ್ನು ಬೆಳೆಸಿ’ ಎಂದು ಸೂಚಿಸುವುದು, ಅವರ ವಿವೇಕವನ್ನು ಒಂಟಿತನವೆಂದು ತಪ್ಪಾಗಿ ಓದಿದಂತೆ.

ನನ್ನ ಸೋದರತ್ತೆಯ ಹೆಸರು ಇಡೀ ಏಳು ತಿಂಗಳು ಕೆಂಪಿನಲ್ಲೇ ಇತ್ತು. ನಾನು ಅವರಿಗೆ ನೇರವಾಗಿ ಕರೆ ಮಾಡುವುದು ಅಪರೂಪ, ನಿಜ. ಆದರೆ ಅವರ ಮಂಡಿನೋವು ಯಾವ ವಾರ ಹೆಚ್ಚಾಯಿತು ಎಂಬುದು ಅಮ್ಮನ ಮೂಲಕ ನನಗೆ ತಿಳಿಯುತ್ತದೆ; ನನ್ನ ಕೆಲಸ ಬದಲಾದದ್ದು ಅದೇ ದಾರಿಯಲ್ಲಿ ಅವರಿಗೆ ಮುಟ್ಟುತ್ತದೆ. ಇಲ್ಲಿ ಸಂಬಂಧ ಇಬ್ಬರ ನಡುವಿನ ಗೆರೆಯಲ್ಲ. ಹಲವರು ಹಿಡಿದುಕೊಂಡಿರುವ ಬಲೆ. ಆ್ಯಪಿನಲ್ಲಿ ಬಲೆಗೆ ಜಾಗವೇ ಇಲ್ಲ. ಬಂಧುತ್ವವನ್ನೂ ಸ್ನೇಹವನ್ನೂ ಒಂದೇ ಗಡಿಯಾರದಲ್ಲಿ ಅಳೆಯಬಾರದೆಂಬುದಕ್ಕೆ ಡನ್‌ಬಾರ್ ಅವರ ಕೆಲಸದಲ್ಲೇ ಆಧಾರವಿದೆ. ಸಂಶೋಧಕ ಸ್ಯಾಮ್ ರಾಬರ್ಟ್ಸ್ ಅವರೊಂದಿಗೆ ಸೇರಿ, ಶಾಲೆ ಮುಗಿಸಿ ಹೊರಟ ವಿದ್ಯಾರ್ಥಿಗಳನ್ನು 18 ತಿಂಗಳು ಗಮನಿಸಿದಾಗ, ಸಂಪರ್ಕ ಕಡಿಮೆಯಾದಂತೆ ಸ್ನೇಹದ ಆಪ್ತತೆ ಕುಗ್ಗಿತು, ಬಂಧುಗಳ ಆಪ್ತತೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ವರ್ತುಲದ ಅಂಕಿಗಳನ್ನು ಎರವಲು ತಂದವರು ಈ ಫಲಿತಾಂಶವನ್ನೂ ತರಬೇಕಿತ್ತು.

ನಾನು ಎಲ್ಲಕ್ಕಿಂತ ಮೊದಲು ನಿಲ್ಲಿಸಿಬಿಟ್ಟದ್ದು ‘ಈಗ ನಿಮ್ಮ ಸರದಿ’ ಎಂಬ ಸೌಲಭ್ಯವನ್ನು. ಕಳೆದ ಬಾರಿ ಯಾರು ಕರೆದರು, ಯಾರು ನೆರವಾದರು ಎಂಬುದನ್ನು ಅದು ಬರೆದಿಟ್ಟುಕೊಂಡು, ಆದಷ್ಟು ಬೇಗ ತೀರಿಸುವಂತೆ ಒತ್ತಾಯಿಸುತ್ತದೆ. ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು ಈ ಮೂರೂ ಕರ್ತವ್ಯಗಳೆಂದು ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಬರೆದರು, ದಿಟ. ಆದರೆ ಯಾವಾಗ ಮರಳಿಸಬೇಕು ಎಂಬುದರಲ್ಲೇ ಸೂಕ್ಷ್ಮವಿದೆ. ಮನೋವಿಜ್ಞಾನಿಗಳಾದ ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ 1979ರ ಪ್ರಯೋಗಗಳಲ್ಲಿ ಕಂಡಂತೆ, ಆಪ್ತ ಸಂಬಂಧವನ್ನು ಬಯಸುತ್ತಿರುವ ವ್ಯಕ್ತಿಗೆ ಉಪಕಾರವನ್ನು ತಕ್ಷಣ ತೀರಿಸಿದರೆ, ತೀರಿಸಿದವರ ಮೇಲಿನ ಒಲವು ಕಡಿಮೆಯಾಗುತ್ತದೆ. ಲೆಕ್ಕ ಚುಕ್ತಾ ಮಾಡುವುದೆಂದರೆ ವ್ಯವಹಾರ ಮುಗಿಸುವುದೆಂದೇ ಅರ್ಥ. ತೀರದೆ ಉಳಿದ ಋಣವೇ ಜನರನ್ನು ಮತ್ತೆ ಮತ್ತೆ ಹತ್ತಿರ ತರುತ್ತದೆ ಎಂಬ ತಿಳಿವಳಿಕೆಯಲ್ಲಿ ಬೆಳೆದವರಿಗೆ ಈ ಸೌಲಭ್ಯ ಉಪಯೋಗಕ್ಕಿಂತ ಹೆಚ್ಚು ಕೇಡನ್ನೇ ಮಾಡಬಹುದು.

ಆ್ಯಪ್ ನಿಜವಾಗಿ ನೆರವಾದದ್ದು ಹಳೆಯ ಸಹೋದ್ಯೋಗಿಗಳ ವಿಷಯದಲ್ಲಿ. ಪರದೇಶದಲ್ಲಿ ಬೆಳೆದ ಒಬ್ಬರಿಗೆ ಆರು ವಾರಕ್ಕೊಮ್ಮೆ ನಾಲ್ಕು ಸಾಲು ಬರೆಯತೊಡಗಿದ ಮೇಲೆ, ಅವರು ತಮ್ಮ ಮನೆಯ ಸಂಗತಿಗಳನ್ನೂ ಹೇಳಿಕೊಳ್ಳುವಷ್ಟು ಹತ್ತಿರವಾದರು. ನನ್ನ ಮೌನವನ್ನು ಅವರು ಅಷ್ಟು ದಿನ ನಿರಾಸಕ್ತಿಯೆಂದು ತಿಳಿದಿದ್ದರಂತೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ‘ದುರ್ಬಲ ಕೊಂಡಿಗಳು’ ಎಂದು ಕರೆದ ಇಂಥ ಪರಿಚಯಗಳೇ ನಮ್ಮ ಬಳಗದಾಚೆಯ ಸುದ್ದಿಯನ್ನು ತರುತ್ತವೆ, ಯಾರೂ ನೆನಪಿಸದಿದ್ದರೆ ಸದ್ದಿಲ್ಲದೆ ಕಳಚಿಕೊಳ್ಳುತ್ತವೆ. ಇವುಗಳಿಗೆ ಗಡಿಯಾರ ಬೇಕು. ಊರು, ಉದ್ಯೋಗಗಳನ್ನು ಆಗಾಗ ಬದಲಿಸುವವರು ಈ ಒಂದು ಕಾರಣಕ್ಕೇ ಇದನ್ನು ಕೊಳ್ಳಬಹುದು.

ತಯಾರಕರು ಒಂದು ಬದಲಾವಣೆ ಮಾಡಿದರೆ ನಾನು ಇದನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಪ್ರತಿ ಹೆಸರಿಗೂ ದಿನಗಳ ಸಂಖ್ಯೆಯನ್ನು ಕೇಳುವ ಬದಲು, ಆ ಸಂಬಂಧ ಯಾವುದರಿಂದ ಉಳಿದುಕೊಂಡಿದೆ ಎಂದು ಕೇಳಲಿ: ಮಾತಿನಿಂದಲೋ, ಜೊತೆಗೂಡಿ ಮಾಡುವ ಕೆಲಸದಿಂದಲೋ, ಮೂರನೆಯವರ ಮೂಲಕವೋ, ಕಷ್ಟಕಾಲದ ಹಾಜರಿಯಿಂದಲೋ. ಅಲ್ಲಿಯವರೆಗೆ ನಾನು ಇದನ್ನು 64 ಹೆಸರುಗಳ ಬದಲು 11 ಹೆಸರುಗಳಿಗೆ ಮಾತ್ರ ಬಳಸುತ್ತೇನೆ. ಗೆಳತಿಯ ಹೆಸರನ್ನು ಪಟ್ಟಿಯಿಂದ ತೆಗೆದಿದ್ದೇನೆ. ಅತ್ತೆಯ ಹೆಸರನ್ನೂ ತೆಗೆದೆ. ಅವರ ಮಂಡಿಗೆ ಹೊಸ ಔಷಧಿ ಹಿಡಿದಿದೆಯೆಂದು ನಿನ್ನೆ ಅಮ್ಮ ಹೇಳಿದರು.